ಕಾಪುವಿನ ತಂಡೇಲರಿಗೆ ಕೇಳದೆ ಉಳಿದ ಪ್ರಶ್ನೆ

2004ರಲ್ಲಿ ನಾನು ಮಣಿಪಾಲದಲ್ಲಿ ಸಮುದಾಯ ವೈದ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದೆ. ಈ ವಿಷಯವೆಂದರೆ ವಿದ್ಯಾರ್ಥಿಗಳಿಗೆ ಅಷ್ಟಕ್ಕಷ್ಟೆ. ಆಪರೇಷನ್ ಇಲ್ಲ, ಹೆಸರಿಲ್ಲ. ಇರುವುದು ಜೀಪು, ರಿಜಿಸ್ಟರು, ಬಿಸಿಲು. ಇಂಟರ್ನ್‌ಗಳು, ಅಂದರೆ ಪರೀಕ್ಷೆ ಮುಗಿಸಿ ವರ್ಷದ ತರಬೇತಿಯಲ್ಲಿರುವ ಹೊಸ ಡಾಕ್ಟರುಗಳು, ನನ್ನ ವಿಭಾಗಕ್ಕೆ ಮೂರು ತಿಂಗಳಿಗೆ ಬರುತ್ತಿದ್ದರು. ಬಂದವರಲ್ಲಿ ಅರ್ಧ ಜನ ಮುಂದಿನ ಪ್ರವೇಶ ಪರೀಕ್ಷೆಯ ಪುಸ್ತಕವನ್ನು ರಿಜಿಸ್ಟರಿನ ಅಡಿಯಲ್ಲಿಟ್ಟು ಓದುತ್ತಿದ್ದರು. ನಾನು ಅದನ್ನು ಎಳೆದು ಆಚೆ ಇಡುತ್ತಿದ್ದೆ. ಹಾಗಾಗಿ ನನಗೆ ಒಳ್ಳೆಯ ಹೆಸರೇನೂ ಇರಲಿಲ್ಲ.

ಆ ವರ್ಷ ನಾನೊಂದು ಯೋಜನೆ ಮಾಡಿದ್ದೆ. ಡಾಕ್ಟರೇ ಇಲ್ಲದ ಊರುಗಳಿಂದ ಬಂದ ಮಕ್ಕಳನ್ನು ಅವರವರ ಊರಿನ ಆರೋಗ್ಯ ಕೇಂದ್ರಕ್ಕೇ ಹಾಕುವುದು, ಇಂಟರ್ನ್‌ಶಿಪ್ ಮುಗಿದ ಮೇಲೆ ಎರಡು ವರ್ಷ ಅಲ್ಲೇ ಡಾಕ್ಟರಾಗಿ ಇರಿಸುವುದು. ಭಾಷೆ ಗೊತ್ತು, ದಾರಿ ಗೊತ್ತು, ಯಾರ ಮನೆಯಲ್ಲಿ ಏನು ಕಷ್ಟ ಎಂಬುದೂ ಗೊತ್ತು. ಇದಕ್ಕಿಂತ ಇನ್ನೇನು ಬೇಕು ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿ ಹೇಳಿದ್ದೆ. ಬೆಳ್ಮಣ್‌ನ ಹುಡುಗನೊಬ್ಬ, ಕಾರ್ಕಳದ ಕಡೆಯ ಇಬ್ಬರು, ಕೆಮ್ಮಣ್ಣಿನ ಒಬ್ಬಳು ಸಿಕ್ಕಿದರು. ಕಾಪುವಿನ ಕಡಲ ಬದಿಯಿಂದ ಹೇಮಲತಾ ಸಿಕ್ಕಿದಳು.

ಹೇಮಲತಾ ನನ್ನ ವಿಷಯದ ಪರೀಕ್ಷೆಯಲ್ಲಿ ಮೊದಲಿಗಳು. ಮೀನುಗಾರರ ಮನೆಯ ಹುಡುಗಿ. ಅವಳ ಕೇರಿಯಲ್ಲಿ ಅದುವರೆಗೆ ಡಾಕ್ಟರಾದವರೇ ಇರಲಿಲ್ಲ. ಅಪ್ಪ ಇಲ್ಲ. ಅವಳನ್ನು ಓದಿಸಿದವರು ತಾಯಿಯ ಅಣ್ಣ ವಾಮನ. ಅವರು ಮಲ್ಪೆಯಿಂದ ಹೊರಡುವ, ಮೀನಿನ ಗುಂಪನ್ನು ದೊಡ್ಡ ಬಲೆಯಿಂದ ಸುತ್ತಿ ಹಿಡಿಯುವ ಪರ್ಸಿನ್ ಬೋಟಿನ ತಂಡೇಲ. ಬೋಟು ನಡೆಸುವವರೂ ಅವರೇ, ಇಪ್ಪತ್ತೈದು ಜನರಿಗೆ ಯಜಮಾನರೂ ಅವರೇ. ತುಳುನಾಡಿನ ಇಂಥ ಮನೆಗಳಲ್ಲಿ ತಾಯಿಯ ಅಣ್ಣನೆಂದರೆ ಮನೆಗೇ ಹಿರಿಯ. ಅವರು ಜಗಲಿಗೆ ಬಂದರೆ ಕೂತವರು ಏಳುತ್ತಾರೆ. ಹೇಮಲತಾ ಡಾಕ್ಟರಾದ ಮೇಲೂ ಏಳುತ್ತಿದ್ದಳು.

ಏಪ್ರಿಲಿನಲ್ಲಿ ಅವಳು ಕಾಪುವಿನ ಕೇಂದ್ರಕ್ಕೆ ಹೋದಳು. ಎರಡನೆಯ ವಾರವೇ ಮಣಿಪಾಲಕ್ಕೆ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಮುಖ ಬಾಡಿತ್ತು.

"ಮೇಡಂ, ಮಾವನಿಗೆ ಒಂದು ತಿಂಗಳಿನಿಂದ ಕೆಮ್ಮು ಉಂಟು. ಕಫ ತೆಗೆದು ನೋಡಿದೆ. ಪಾಸಿಟಿವ್."

ಕಫದಲ್ಲಿ ಕ್ಷಯದ ರೋಗಾಣು ಕಂಡಿದೆ ಎಂದು ಅರ್ಥ. ಅಂಥವರು ಕೆಮ್ಮಿದರೆ ಹತ್ತಿರ ಇದ್ದವರಿಗೂ ಬರಬಹುದು. ಬೋಟಿನಲ್ಲಿ ಇಪ್ಪತ್ತೈದು ಜನ. ಮನೆಯಲ್ಲಿ ಹೇಮಲತಾಳ ತಾಯಿ, ಅಕ್ಕ, ಅಕ್ಕನ ಮೂರು ವರ್ಷದ ಮಗಳು.

ಆಗ ಕ್ಷಯಕ್ಕೆ ಡಾಟ್ಸ್ ಎಂಬ ಕ್ರಮವಿತ್ತು. ರೋಗಿಯ ಹೆಸರು ಬರೆದ ಒಂದು ಪೆಟ್ಟಿಗೆ. ಆರು ತಿಂಗಳ ಔಷಧಿ ಎಲ್ಲ ಅದರಲ್ಲೇ. ಮೊದಲ ಎರಡು ತಿಂಗಳು ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ, ಒಟ್ಟು ಇಪ್ಪತ್ತನಾಲ್ಕು ಸಲ ಮಾತ್ರೆ. ಒಂದು ಸಲಕ್ಕೆ ಏಳು. ಆ ಏಳನ್ನೂ ರೋಗಿ ಇನ್ನೊಬ್ಬರ ಕಣ್ಣೆದುರು ನುಂಗಬೇಕು. ಇಡೀ ಕ್ರಮದ ಜೀವ ಇರುವುದೇ ಅಲ್ಲಿ. ಮಾತ್ರೆ ಅರ್ಧಂಬರ್ಧ ನುಂಗಿದರೆ ರೋಗಾಣು ಔಷಧಿಗೆ ಬಗ್ಗದ ಹಾಗೆ ಆಗುತ್ತದೆ, ಆಮೇಲೆ ಆ ಕಾಲದಲ್ಲಿ ನಮ್ಮ ಕೈಯಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಮಾತ್ರೆ ಕೊಡುವವರು ಮನೆಯವರಾಗಿರಬಾರದು ಎಂಬ ನಿಯಮವೂ ಇತ್ತು.

ತಂಡೇಲರು ಬೆಳಕು ಹರಿಯುವ ಮೊದಲೇ ಮಲ್ಪೆಗೆ ಹೋಗಿ ಸಂಜೆ ಬರುವವರು. ಅಷ್ಟರಲ್ಲಿ ಕೇಂದ್ರಕ್ಕೆ ಬೀಗ. ಹೇಮಲತಾ ಕೇಳಿದಳು: "ನಾನೇ ಮನೆಯಲ್ಲಿ ಕೊಡ್ಲಾ ಮೇಡಂ? ನಾನು ಕೇಂದ್ರದ ಡಾಕ್ಟರ್ ಕೂಡ ಅಲ್ವಾ?"

ನಿಯಮವನ್ನು ಹೀಗೆ ಸ್ವಲ್ಪ ಸಡಿಲಿಸುವುದಕ್ಕಾಗಿಯೇ ಅಲ್ಲವೆ ಊರ ಮಕ್ಕಳನ್ನು ಊರಿಗೆ ಹಾಕಿದ್ದು ಎಂದುಕೊಂಡು ಒಪ್ಪಿಗೆಗೆ ಸಹಿ ಹಾಕಿದೆ. ಆ ಸಹಿ ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಎರಡು ತಿಂಗಳು, ಮಾತ್ರೆ ನುಂಗಿಸಿದಾಗೆಲ್ಲ ಗುರುತು ಹಾಕುವ ಅವಳ ಕಾರ್ಡು ನೋಡುವುದೇ ಒಂದು ಖುಷಿ. ಇಪ್ಪತ್ತನಾಲ್ಕು ಚೌಕಗಳಲ್ಲಿ ಇಪ್ಪತ್ತನಾಲ್ಕು ಗುರುತು, ಒಂದೂ ತಪ್ಪಿಲ್ಲ. ಬೇರೆ ಇಂಟರ್ನ್‌ಗಳಿಗೆ ಅದನ್ನು ತೋರಿಸಿ, "ನೋಡಿ ಕಲಿಯಿರಿ" ಎಂದು ಚುಚ್ಚುತ್ತಿದ್ದೆ. ಆದರೆ ತಂಡೇಲರು ಸೊರಗುತ್ತಲೇ ಹೋದರು. ಜೂನ್ ನಡುವಿನಲ್ಲಿ ಎರಡು ತಿಂಗಳ ಕೊನೆಯ ಕಫ ಪರೀಕ್ಷೆ ಆಯಿತು. ಮತ್ತೆ ಪಾಸಿಟಿವ್. ರೋಗಾಣು ಮೊದಲಿಗಿಂತ ಹೆಚ್ಚೇ ಇತ್ತು.

ನಾನು ಜೀಪು ಹತ್ತಿ ಕಾಪುವಿಗೆ ಹೊರಟೆ. ಮಳೆ ಹಿಡಿದಿತ್ತು. ಮಳೆಗಾಲದ ಎರಡು ತಿಂಗಳು ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ತಂಡೇಲರು ಮನೆಯಲ್ಲೇ ಇದ್ದರು. ಕೇಂದ್ರದಲ್ಲಿ ಹೇಮಲತಾ ನನ್ನನ್ನು ನೋಡಿದ್ದೇ ಅತ್ತಳು.

"ಔಷಧಿ ಹಿಡಿಯದ ಟಿ.ಬಿ. ಮೇಡಂ. ನನ್ನ ಮಾವ ಉಳಿಯುದಿಲ್ಲ."

ಅಳುವ ವಿದ್ಯಾರ್ಥಿಯ ಮುಂದೆ ನಾನು ಯಾವಾಗಲೂ ಗದರುತ್ತೇನೆ. ನನಗೆ ಬೇರೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. "ಅಳುವುದು ಆಮೇಲೆ. ಮೂತ್ರದ ಬಣ್ಣ ಏನು?" ಎಂದೆ.

ಇದರಲ್ಲಿ ಒಗಟೇನೂ ಇಲ್ಲ. ಆ ಏಳರಲ್ಲಿ ರಿಫಾಂಪಿಸಿನ್ ಎಂಬ ಕೆಂಪು ಕ್ಯಾಪ್ಸೂಲ್ ಒಂದು. ಅದು ಹೊಟ್ಟೆಗೆ ಹೋದರೆ ಕೆಲವು ಗಂಟೆಗಳಲ್ಲಿ ಮೂತ್ರ ಕಿತ್ತಳೆಗೆಂಪು ಆಗುತ್ತದೆ. ತೊಂದರೆ ಏನೂ ಇಲ್ಲ. ಆದರೆ ಮೊದಲೇ ಹೇಳದಿದ್ದರೆ ರೋಗಿ ಹೆದರಿ ಸಾಯುತ್ತಾನೆ. ಆದ್ದರಿಂದ ಔಷಧಿ ಶುರು ಮಾಡುವ ಮುಂಚೆ ಹೇಳಲೇಬೇಕಾದ ಮಾತು ಅದು. ನಾನು ಪಾಠದಲ್ಲಿ ಮೂರು ಸಲ ಹೇಳುತ್ತಿದ್ದೆ, ಹೇಮಲತಾ ಪರೀಕ್ಷೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದಳು. ಮಾತ್ರೆ ನಿಜವಾಗಿ ಒಳಗೆ ಹೋಗುತ್ತಿದೆಯೋ ಇಲ್ಲವೋ ತಿಳಿಯಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಅವಳು ಅಳು ನಿಲ್ಲಿಸಿದಳು. "ಕೇಳಲಿಲ್ಲ ಮೇಡಂ."

"ಕೇಳಲಿಲ್ಲ ಅಂದರೆ?"

"ಮಾವನ ಹತ್ರ... ಅದನ್ನು ಹೇಗೆ ಕೇಳುದು ಮೇಡಂ?"

"ಕೆಂಪಾಗುತ್ತದೆ ಎಂದು ಹೇಳಿದ್ದೀಯಾ?"

ಅವಳು ತಲೆ ಬಗ್ಗಿಸಿದಳು.

ಅವಳ ಮನೆಗೆ ಹೋದೆವು. ತಂಡೇಲರು ಜಗಲಿಯಲ್ಲಿ ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದರು. ಎತ್ತರದ ಆಳು, ಆದರೆ ಅಂಗಿ ಹೆಗಲಿಂದ ಜಾರುತ್ತಿತ್ತು. ಹೇಮಲತಾ ನನ್ನ ಹಿಂದೆ ಕಂಬಕ್ಕೆ ಒರಗಿ ನಿಂತಳು. ನಾನು ಪ್ರಶ್ನೆಯನ್ನು ಸೀದಾ ಕೇಳಿಬಿಟ್ಟೆ.

"ಎಲ್ಲರ ಹಾಗೆಯೇ ಉಂಟು ಮೇಡಂ," ಎಂದರು. ಆಮೇಲೆ ಹೇಮಲತಾಳ ಕಡೆ ನೋಡಿ, ತುಳುವಿನಲ್ಲಿ ಅವಳಿಗೆ ಒಳಗೆ ಹೋಗಲು ಹೇಳಿದರು. ಅವಳು ಹೋದಳು. ಅವರು ಎದ್ದು ಮಾಡಿನ ಹಂಚಿನಡಿಯ ಸಂದಿಯಿಂದ ಬಿಸ್ಕತ್ತಿನ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಮುಚ್ಚಳ ತೆಗೆದರೆ ಮಾತ್ರೆಗಳು. ಇಪ್ಪತ್ಮೂರು ಸಲದ ಮಾತ್ರೆಗಳು, ಎಲ್ಲವೂ.

"ಮೊದಲನೇ ದಿನ ನುಂಗಿದೆ ಮೇಡಂ. ಮರುದಿನ ಬೋಟಿನಲ್ಲಿ ನೋಡ್ತೇನೆ, ರಕ್ತ ಹೋದ ಹಾಗೆ. ಹೆದರಿಕೆ ಆಯ್ತು."

"ಹೇಮಲತಾಳಿಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳುದು? ಅವಳು ಡಾಕ್ಟರಾಗಿ ಮನೆಯವರಿಗೆ ಕೊಟ್ಟ ಮೊದಲ ಮದ್ದು. ಅದರಿಂದ ರಕ್ತ ಬಂತು ಅಂದ್ರೆ ಹುಡುಗಿ ಕುಗ್ಗಿ ಹೋಗ್ತಾಳೆ. ಬಿಸಾಡ್ಲಿಕ್ಕೂ ಮನಸ್ಸು ಬರಲಿಲ್ಲ."

ಆಗ ನನಗೆ ಪೂರ್ತಿ ಅರ್ಥವಾಯಿತು. ಸಂಜೆ ಅವಳು ಮಾತ್ರೆಯನ್ನೂ ನೀರನ್ನೂ ಮಾವನ ಕೈಗೆ ಕೊಟ್ಟು, ಮರ್ಯಾದೆಯಿಂದ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಮನೆಯ ಹಿರಿಯರು ತಲೆ ಹಿಂದೆ ಮಾಡಿ ಮಾತ್ರೆ ನುಂಗುವುದನ್ನು ಎದುರು ನಿಂತು ಕಾವಲು ಕಾಯುವುದು ಅವಳಿಂದಾಗದ ಕೆಲಸ. ಅವರು ಮಾತ್ರೆಯನ್ನು ಲುಂಗಿಯ ಮಡಿಕೆಗೆ ಹಾಕಿ ನೀರು ಕುಡಿಯುತ್ತಿದ್ದರು. ಒಬ್ಬರ ಮೇಲೆ ಒಬ್ಬರಿಗೆ ಎಷ್ಟು ಪ್ರೀತಿ ಇತ್ತೆಂದರೆ, ಅದರಲ್ಲೇ ಒಂದು ಜೀವ ಹೋಗುವುದರಲ್ಲಿತ್ತು.

ವೈದ್ಯಳಾಗಿ ನನಗೆ ಸಮಾಧಾನವೇ ಆಯಿತು. ಔಷಧಿ ಸೋತಿರಲಿಲ್ಲ, ಒಳಗೇ ಹೋಗಿರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಬಹುದಿತ್ತು. ಆದರೆ ಸಿಟ್ಟು ಇಳಿಯಲಿಲ್ಲ. ಮರಳುವಾಗ ಹೇಮಲತಾಳನ್ನು ಕೇಂದ್ರದವರೆಗೆ ಜೀಪಿನಲ್ಲಿ ಕೂರಿಸಿಕೊಂಡು ಬಾಯಿಗೆ ಬಂದಂತೆ ಬೈದೆ. "ಕಣ್ಣೆದುರು ಎಂದರೆ ಏನರ್ಥ? ಇಪ್ಪತ್ತನಾಲ್ಕು ಸಲವೂ ನೋಡದೆ ಗುರುತು ಹಾಕಿದ್ದೀಯ. ಆ ಮಗುವಿಗೆ ಬಂದಿದ್ದರೆ?" ಅವಳು ಒಂದೇ ಮಾತು ಹೇಳಿದಳು.

"ನನ್ನನ್ನು ಬೇರೆ ಊರಿಗೆ ಹಾಕಿ ಮೇಡಂ. ಅಲ್ಲಿ ನಾನು ಸರಿಯಾಗಿ ಮಾಡ್ತೇನೆ. ಇಲ್ಲಿ ಆಗುದಿಲ್ಲ."

ನನಗೂ ಅದೇ ಸರಿ ಎನಿಸಿತು. ನಾಳೆಯೇ ಬೆಳ್ಮಣ್‌ಗೆ ವರ್ಗದ ಪತ್ರ ಮಾಡುತ್ತೇನೆ ಎಂದೆ. ಒಮ್ಮೆ ಬೇರೆ ಊರಿಗೆ ಹೋದವಳು ಕಾಪುವಿಗೆ ಡಾಕ್ಟರಾಗಿ ಮರಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆ ಕೇರಿಗೆ ಇದ್ದವಳು ಅವಳೊಬ್ಬಳೇ.

ಸಂಜೆ ಅಂಬಲಪಾಡಿಯ ನಮ್ಮ ಮನೆಗೆ ಬಂದೆ. ಅಪ್ಪ ಉಡುಪಿ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದು ನಿವೃತ್ತರಾದವರು. ಆಗ ಎಪ್ಪತ್ತೆಂಟು ದಾಟಿತ್ತು. ಚಹಾ ಅರ್ಧ ಕುಡಿದು ಬಚ್ಚಲಿಗೆ ಎದ್ದು ಹೋದರು. ಬಂದು ಕೂತು, ಲೋಟ ಖಾಲಿ ಮಾಡುವ ಮೊದಲೇ ಮತ್ತೆ ಎದ್ದರು. ಅವರು ಹೀಗೆ ಎದ್ದು ಹೋಗುವುದನ್ನು ನಾನು ಎಷ್ಟು ದಿನದಿಂದ ನೋಡುತ್ತಿದ್ದೇನೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಸಿಗಲಿಲ್ಲ. ಕೇಳಬೇಕೆಂದು ಬಾಯಿ ತೆರೆದರೆ ನಾಲಿಗೆ ಏಳಲೊಲ್ಲದು. ಇಪ್ಪತ್ತು ವರ್ಷ ಪಾಠ ಹೇಳಿದವಳು, ಅದೇ ಬೆಳಿಗ್ಗೆ ಪರರ ಜಗಲಿಯಲ್ಲಿ ಮೂತ್ರದ ಪ್ರಶ್ನೆಯನ್ನು ಸಲೀಸಾಗಿ ಕೇಳಿ ಬಂದವಳು ನಾನು. ಕೊನೆಗೆ ಲೋಟ ತೊಳೆಯುವ ನೆವದಲ್ಲಿ ಬೆನ್ನು ಹಾಕಿ ನಿಂತು ಕೇಳಿದೆ.

"ಎರಡು ವರ್ಷದಿಂದ ತೊಂದರೆ ಉಂಟು," ಎಂದರು ಅಪ್ಪ. "ನೀನು ಡಾಕ್ಟರ್ ಅಲ್ವಾ, ನಿನಗೆ ಗೊತ್ತಿರಬಹುದು ಅಂತ ಸುಮ್ಮನಿದ್ದೆ."

ಪ್ರಾಸ್ಟೇಟ್ ಊತ. ಚಿಕಿತ್ಸೆಯಿಂದ ಗುಣವಾಯಿತು, ಅದು ಬೇರೆ ಮಾತು. ಆ ಸಂಜೆ ನನಗಾದ ನಾಚಿಕೆ ಮಾತ್ರ ಇವತ್ತಿಗೂ ಹೋಗಿಲ್ಲ.

ಮರುದಿನ ಪತ್ರ ಬರೆಯಲಿಲ್ಲ. ಹೇಮಲತಾಳನ್ನು ಕರೆದು ನನ್ನ ಅಪ್ಪನ ಕತೆ ಹೇಳಿದೆ. ಅವಳು ನಂಬಲಾರದೆ ನನ್ನ ಮುಖ ನೋಡಿದಳು. "ಎಲ್ಲಿಗೂ ಕಳಿಸುವುದಿಲ್ಲ. ಮಾತ್ರೆಯನ್ನು ಕೇಂದ್ರದ ನರ್ಸ್ ಕೊಡಲಿ. ನಿಯಮ ಇರುವುದು ಅದಕ್ಕೇ. ಆದರೆ ಹೇಳಬೇಕಾದದ್ದನ್ನು ನೀನೇ ಹೇಳಬೇಕು. ನಾನು ಜೊತೆಗೆ ಬರುತ್ತೇನೆ, ಬಾಯಿ ಹಾಕುವುದಿಲ್ಲ" ಎಂದೆ. ಬಾಯಿ ಹಾಕದೆ ಇರುವುದು ನನಗೆ ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಸ್ವಲ್ಪ ನಕ್ಕಳು.

ಬೋಟುಗಳು ದಡದಲ್ಲಿದ್ದುದು ಒಳ್ಳೆಯದೇ ಆಯಿತು, ತಂಡೇಲರು ಹಗಲು ಹೊತ್ತಿನಲ್ಲೇ ಕೇಂದ್ರಕ್ಕೆ ಬರಬಹುದಿತ್ತು. ಅವರು ಬಂದು ಬೆಂಚಿನ ಮೇಲೆ ಕೂತರು. ಹೇಮಲತಾ ಅಭ್ಯಾಸ ಬಲದಿಂದ ಎದ್ದು ನಿಂತಳು. ಆಮೇಲೆ, ನಾನು ಏನೂ ಹೇಳದೆಯೇ, ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡು ಕೂತಳು.

"ಮಾವ, ಈ ಕೆಂಪು ಮಾತ್ರೆ ನುಂಗಿದ್ರೆ ಮೂತ್ರ ಕೆಂಪಾಗ್ತದೆ. ಅದು ರಕ್ತ ಅಲ್ಲ, ಮದ್ದಿನ ಬಣ್ಣ. ನಾನು ಮೊದಲೇ ಹೇಳ್ಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು. ಇನ್ನು ನೀವು ಬಂದಾಗೆಲ್ಲ ಎಂತ ಬಣ್ಣ ಅಂತ ನಾನು ಕೇಳ್ತೇನೆ. ನೀವು ಹೇಳ್ಬೇಕು."

ತಂಡೇಲರು ನರ್ಸ್ ಕೊಟ್ಟ ಏಳು ಮಾತ್ರೆಗಳನ್ನು ಒಂದೊಂದಾಗಿ ನುಂಗಿದರು. ಹೇಮಲತಾ ಕಣ್ಣು ತೆಗೆಯದೆ ನೋಡಿದಳು. ಒಂದು ದಿನ ಬಿಟ್ಟು ಅವರು ಮತ್ತೆ ಬಂದಾಗ ಅವಳು ಕೇಳಿದಳಂತೆ. ಅವರು "ಕೆಂಪು" ಎಂದರಂತೆ. ಅಷ್ಟು ಹೇಳಿ ಬೆವರು ಒರೆಸಿಕೊಂಡರಂತೆ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಅವರ ಕಫ ನೆಗೆಟಿವ್ ಆಗಿತ್ತು. ಆಮೇಲಿನ ನಾಲ್ಕು ತಿಂಗಳು ವಾರಕ್ಕೊಮ್ಮೆ, ಕಡಲಿಗೆ ಹೋಗದ ದಿನ, ಕೇಂದ್ರಕ್ಕೆ ಬಂದರೆ ಸಾಕಿತ್ತು; ಹಾಗೆ ಆರು ತಿಂಗಳು ಪೂರ್ತಿ ಔಷಧಿ ನುಂಗಿದರು. ಮನೆಯವರಿಗೂ ಬೋಟಿನವರಿಗೂ ಪರೀಕ್ಷೆ ಮಾಡಿದೆವು, ಯಾರಿಗೂ ಇರಲಿಲ್ಲ. ಬೋಟಿನವರನ್ನು ಪರೀಕ್ಷೆಗೆ ಕರೆತಂದವರು ತಂಡೇಲರೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ನಾಚಿಕೆ ಎಂತ ಮಾರಾಯ್ರೆ, ಅವಳು ಡಾಕ್ಟರ್, ಎಲ್ಲ ಕೇಳ್ತಾಳೆ" ಎಂದರು. ಹೇಮಲತಾ ಎರಡು ವರ್ಷಕ್ಕೆಂದು ಕಾಪುವಿನಲ್ಲಿ ನಿಂತವಳು ನಾನು ನಿವೃತ್ತಳಾಗುವವರೆಗೂ ಅಲ್ಲೇ ಇದ್ದಳು.

ಊರ ಮಕ್ಕಳನ್ನು ಊರಿಗೆ ಕಳಿಸುವ ಯೋಜನೆ ನಿಲ್ಲಿಸಲಿಲ್ಲ. ಆದರೆ ಆ ವರ್ಷದಿಂದ, ಕಳಿಸುವ ಮುಂಚೆ ಒಬ್ಬೊಬ್ಬರನ್ನೇ ಕರೆದು ಒಂದು ಪ್ರಶ್ನೆ ಕೇಳುತ್ತಿದ್ದೆ: ನಿನ್ನ ಊರಿನಲ್ಲಿ ಮೂತ್ರದ ಬಣ್ಣ ಕೇಳಲು ನಿನ್ನಿಂದ ಆಗದವರು ಯಾರು? ಒಬ್ಬನು ತನ್ನ ಅಜ್ಜಿಯ ಹೆಸರು ಹೇಳಿದ. ಇನ್ನೊಬ್ಬಳು ಶಾಲೆಯ ಹೆಡ್‌ಮಾಸ್ತರರ ಹೆಸರು ಹೇಳಿ ನಕ್ಕಳು. ಅಂಥವರನ್ನು ಧೈರ್ಯವಾಗಿ ಕಳಿಸಿದೆ. "ಹಾಗೆ ಯಾರೂ ಇಲ್ಲ ಮೇಡಂ" ಎಂದವರನ್ನು ಮಾತ್ರ, ಇನ್ನೂ ಒಂದು ತಿಂಗಳು ನನ್ನ ಜೊತೆಯಲ್ಲೇ ಇಟ್ಟುಕೊಂಡೆ.