ಕ್ರಿಯಾಪದ ಬಿಟ್ಟ ಎವಾಸಿಯೊ

ಎವಾಸಿಯೊ ಬಲ್ಲಾರಿಯೊ ಕ್ರಿಯಾಪದ ಬಿಟ್ಟದ್ದು ೧೯೬೨ರ ಮಾರ್ಚ್‌ನಲ್ಲಿ. ಬೇರೆಯವರು ಸಿಗರೇಟು ಬಿಡುವ ಹಾಗೆ, ಮಿಲಾನಿನ ಹೊಸ ಕವಿಗಳ ನಡುವೆ ಮೂರು ದಿನ ಇದ್ದು ಬಂದವನೇ ಬಿಟ್ಟ. ವೆರ್ಚೆಲ್ಲಿಯಲ್ಲಿ ನನ್ನದೊಂದು ಸಣ್ಣ ಅಚ್ಚುಕೂಟ. ಮದುವೆಯ ಕರೆಯೋಲೆ, ಗೋಡೆಗೆ ಅಂಟಿಸುವ ಸಾವಿನ ಸುದ್ದಿ, ಅಕ್ಕಿ ಮೂಟೆಯ ಚೀಟಿ, ಇಷ್ಟೇ ನನ್ನ ಸಾಹಿತ್ಯ. ಅವನು ರೈಲಿಳಿದು ನೇರ ನನ್ನಲ್ಲಿಗೆ ಬಂದು ಹಸ್ತಪ್ರತಿ ಕೈಗಿಟ್ಟ. ಇನ್ನು ಮುಂದೆ ತನ್ನ ಕವಿತೆಯಲ್ಲಿ ಯಾರೂ ಏನೂ ಮಾಡುವುದಿಲ್ಲ ಎಂದು ತಿಳಿಸಿದ.

ಹೊಟ್ಟೆಪಾಡಿಗೆ ಅವನು ಒಬ್ಬ ಅಕ್ಕಿ ವ್ಯಾಪಾರಿಯ ಕಚೇರಿಯಲ್ಲಿ ಹ್ಯಾಂಬರ್ಗಿಗೂ ಮಾರ್ಸೇಲಿಗೂ ಹೋಗುವ ಕಾಗದಗಳನ್ನು ಅನುವಾದಿಸುತ್ತಿದ್ದ. ಆ ಕಾಗದಗಳಲ್ಲಿ ಮಾತ್ರ ಕ್ರಿಯಾಪದಗಳು ಸಾಲುಗಟ್ಟಿ ದುಡಿಯುತ್ತಿದ್ದವು: ಕಳುಹಿಸಿದ್ದೇವೆ, ತಲುಪಿರಬಹುದು, ಹುಳ ಬಿದ್ದಿಲ್ಲ. ಅವನು ಮದುವೆಯಾಗಲಿಲ್ಲ. ಗುಂಡಿ-ದಾರದ ಅಂಗಡಿ ಇಟ್ಟಿದ್ದ ಅಕ್ಕ ದೆಲ್ಫೀನಾಳ ಮನೆಯಲ್ಲೇ ಊಟ, ವಾಸ. ಮೊದಲ ಪುಸ್ತಕದ ಪ್ರತಿಗಳನ್ನು ಹೆಚ್ಚೂಕಡಿಮೆ ಅವಳೇ ಕೊಂಡಳು. ಡಜನ್ ಗುಂಡಿ ಕೊಂಡವರಿಗೆ ಒಂದೊಂದು ಪುಕ್ಕಟೆ ಕೊಟ್ಟಳು. ಕೆಲವರು ಗುಂಡಿ ವಾಪಸು ಮಾಡಿದರೂ ಪುಸ್ತಕ ವಾಪಸು ಮಾಡಲಿಲ್ಲ ಎಂದು ಎವಾಸಿಯೊ ಬಹಳ ದಿನ ಹೇಳಿಕೊಂಡು ತಿರುಗಿದ.

ಎರಡನೆಯ ಪುಸ್ತಕದ ಹೊತ್ತಿಗೆ ನನ್ನಲ್ಲಿ ಅಚ್ಚಿನ ಮೊಳೆ ಜೋಡಿಸುವ ಮುದುಕ ನತಾಲಿನೊ ಒಂದು ಪುಟದ ಮೊಳೆಗಳನ್ನೆಲ್ಲ ನೆಲಕ್ಕೆ ಚೆಲ್ಲಿಬಿಟ್ಟ. ಬೈಯೋಣವೆಂದು ಬಾಯಿ ತೆರೆದೆ. ಎವಾಸಿಯೊ ನನ್ನ ತೋಳು ಹಿಡಿದು, ಯಾರೂ ಮುಟ್ಟಬೇಡಿ, ಬಿದ್ದದ್ದು ಬಿದ್ದ ಹಾಗೇ ಅಚ್ಚಾಗಲಿ ಎಂದ. ಮಿಲಾನಿನ ಒಬ್ಬ ವಿಮರ್ಶಕರು ಆ ಒಂದು ಪುಟವನ್ನೇ ಹಿಡಿದು ಒಂಬತ್ತು ಪುಟ ಬರೆದರು. ಅಂದಿನಿಂದ ನತಾಲಿನೊ ವೈನಂಗಡಿಯಲ್ಲಿ "ನಾನೂ ಎವಾಸಿಯೊನೂ ಬರೀವಾಗ" ಎಂದು ಮಾತು ಶುರುಮಾಡುತ್ತಿದ್ದ.

ಹೀಗಿರುವಾಗ, ಟೊರಿನೊದ ಒಂದು ಪುಟ್ಟ ಪ್ರಕಾಶನದವರಿಗೆ ಫಿನ್ಲೆಂಡಿನ ಕವಿ ಲೆಂಪಿ ರೌತಾಲಾ ಅವರ ಪದ್ಯಗಳಿಗೆ ಅನುವಾದಕನೊಬ್ಬ ಬೇಕಾಗಿದ್ದ. ಎವಾಸಿಯೊ ತನಗೆ ಫಿನ್ನಿಶ್ ಬರುತ್ತದೆಂದು ಬರೆದ. ಹೆಲ್ಸಿಂಕಿಗೆ ಅಕ್ಕಿಯ ಕಾಗದ ಬರೆದದ್ದು ನಿಜ, ಜರ್ಮನ್ ಭಾಷೆಯಲ್ಲಿ. ನಿಘಂಟು ತರಿಸಿದ, ನಲವತ್ತನೆಯ ಪುಟಕ್ಕೆ ಮುಚ್ಚಿಟ್ಟ.

"ಭಾಷೆ ಬರದೆ ಹ್ಯಾಗಯ್ಯಾ ಅನುವಾದ ಮಾಡ್ತೀಯ?" ಎಂದು ನಾನು ಕೇಳಿದೆ.

"ಸದ್ದು ಕೇಳಿಸ್ಕೊಳ್ತೀನಿ ಸೆಕೊಂದೊ. ಅರ್ಥ ಎಲ್ಲಾ ಅಂಗಡೀಲೂ ಸಿಗುತ್ತೆ."

ಪುಸ್ತಕ ಬಂತು. ಅದರಲ್ಲಿ ಕ್ರಿಯಾಪದಗಳಿದ್ದವು! ಜನ ಬರುತ್ತಿದ್ದರು, ನಗುತ್ತಿದ್ದರು, ಸಾಯುತ್ತಿದ್ದರು. ಕೇಳಿದರೆ, ಅದು ಫಿನ್ನಿಶ್ ಹೆಂಗಸಿನ ತಪ್ಪು, ತಾನೇನು ಮಾಡಲಿ ಎಂದ. ಅವನ ಪುಸ್ತಕಗಳನ್ನು ಹೊಗಳಿ ಓದದೆ ಬಿಟ್ಟಿದ್ದ ಮಿಲಾನಿನವರು ಇದನ್ನು ನಿಜವಾಗಿಯೇ ಓದಿದರು. ಹಿಮದ ನಾಡಿನ ಶುಭ್ರತೆ, ದಕ್ಷಿಣದವರಾದ ನಮಗೆ ಎಂದೂ ದಕ್ಕದ ಸರಳತೆ ಎಂದು ಬರೆದರು. ಅನುವಾದಕ್ಕೊಂದು ಬಹುಮಾನ ಬಂತು. ಅದನ್ನು ಊರಲ್ಲೇ ಕೊಡಬೇಕು, ಮೂಲ ಕವಿಯೂ ಬರಬೇಕು ಎಂದು ನಮ್ಮ ಮೇಯರ್ ಹಟ ಹಿಡಿದರು. ಚುನಾವಣೆ ಹತ್ತಿರವಿತ್ತು.

ಲೆಂಪಿ ರೌತಾಲಾ ಬಂದರು. ಎತ್ತರದ ಹೆಂಗಸು, ಅರವತ್ತು ದಾಟಿದ ವಯಸ್ಸು, ಗಂಡಸರ ಬೂಟು. ಸಭೆಯಲ್ಲಿ ಆಕೆಯ ಹೆಸರನ್ನು ಮೇಯರ್ ಮೂರು ಥರ ಹೇಳಿದರು. ಎವಾಸಿಯೊ ಬಿಳಿಚಿಕೊಂಡು ಒಂದು ಪದ್ಯ ಓದಿದ. ಆಕೆ ಕಣ್ಣು ಮುಚ್ಚಿ ಕೇಳಿದರು. ಭಾಷೆ ತಿಳಿಯದಿದ್ದರೂ ಎಷ್ಟು ಸೊಗಸಾಗಿ ಕೇಳುತ್ತಿದ್ದಾರೆ ಎಂದು ಪಾದ್ರಿಗಳು ಪಿಸುಗುಟ್ಟಿದರು.

ಮಧ್ಯಾಹ್ನದ ಊಟ ದೆಲ್ಫೀನಾಳ ಮನೆಯಲ್ಲಿ. ಮೇಯರ್ ಇನ್ನೊಂದು ಉದ್ಘಾಟನೆಗೆ ಹೋಗಿದ್ದರಿಂದ ಮೇಜಿನ ಸುತ್ತ ಇದ್ದವರು ನಾವು ನಾಲ್ವರೇ. ಕಾಳು, ಸಾಸೇಜು ಹಾಕಿ ಬೇಯಿಸಿದ ಪಾನಿಸ್ಸಾ ಅನ್ನವನ್ನು ಆಕೆ ಎರಡು ಸಲ ಬಡಿಸಿಕೊಂಡರು. ತಟ್ಟೆ ಸರಿಸಿ, ಅಪ್ಪಟ ಜೆನೊವಾ ಬಂದರಿನ ಇಟಾಲಿಯನ್ನಿನಲ್ಲಿ ಬಾಯಿಬಿಟ್ಟರು. ಹಡಗಿನವನಾದ ಗಂಡನೊಂದಿಗೆ ಆಕೆ ಜೆನೊವಾದಲ್ಲಿ ಆರು ವರ್ಷ ಇದ್ದರಂತೆ.

"ನೀವು ಓದಿದ ಪದ್ಯ ಚೆನ್ನಾಗಿತ್ತು. ಆದ್ರೆ ನನ್ನದರಲ್ಲಿ ದಡದಲ್ಲೊಂದು ದೋಣಿ ಇದೆ, ಗಂಡ ಬರ್ಲಿ ಅಂತ ಒಬ್ಳು ಕಾಯ್ತಾಳೆ. ನಿಮ್ಮದರಲ್ಲಿ ಕಪ್ಪೆ ಯಾಕೆ ಬಂತು?"

ಎವಾಸಿಯೊ ಚಮಚ ಕೆಳಗಿಟ್ಟ. ದಡದಲ್ಲಿ ಎನ್ನುವುದಕ್ಕೆ ಅವರ ಭಾಷೆಯಲ್ಲಿ 'ರನ್ನಲ್ಲ'. ನಮ್ಮಲ್ಲಿ ಕಪ್ಪೆಗಳು 'ರಾನೆ'. ಅಷ್ಟೇ ಆಧಾರವೆಂದು ನೆಲ ನೋಡುತ್ತ ಒಪ್ಪಿಕೊಂಡ. ನಾನು ಬಾಗಿಲ ಕಡೆ ನೋಡಿದೆ.

ಆಗ ದೆಲ್ಫೀನಾ, ಆ ಪದ್ಯ ಯಾವುದು, ಇನ್ನೊಮ್ಮೆ ಓದು ಎಂದಳು. ಸಭೆಯ ಹೊತ್ತಿನಲ್ಲಿ ಅವಳು ಅಡಿಗೆ ನೋಡಿಕೊಳ್ಳುತ್ತಿದ್ದಳು. ಅವನು ಒಲ್ಲೆನೆಂದ. ಅವಳೇ ಪುಸ್ತಕ ಎಳೆದುಕೊಂಡು, ಬೆರಳಿಟ್ಟು, ಮೆಲ್ಲಗೆ ಓದಿದಳು: ಅಮ್ಮ ಗದ್ದೆಯಿಂದ ಬಂದಳು. ಮಡಿಲ ತುಂಬ ಕಪ್ಪೆ ತಂದಳು. ಒಂದು ಹಾರಿ ಹೋಯಿತು. ಹೋಗಲಿ ಬಿಡಿ ಎಂದು ನಕ್ಕಳು.

ದೆಲ್ಫೀನಾ ಪುಸ್ತಕ ಮುಚ್ಚಿ ಎರಡೂ ಕೈ ಅದರ ಮೇಲಿಟ್ಟಳು.

"ಇದು ನಮ್ಮಮ್ಮ ಕಣೋ. ಕಳೆ ಕೀಳೋಕೆ ಹೋಗ್ತಿದ್ಲಲ್ಲ, ಆಗಿಂದು. ಅವಳು ಸತ್ತು ಇಪ್ಪತ್ತು ವರ್ಷ ಆಯ್ತು, ನನ್ನ ಹತ್ರ ಒಂದು ದಿನಾನೂ ಅವಳ ಸುದ್ದಿ ಎತ್ತಲಿಲ್ಲ ನೀನು. ಫಿನ್ಲೆಂಡಿನವರ ಹತ್ರ ಹೇಳ್ಕೊಂಡ್ಯಾ?"

ಪುಸ್ತಕದಲ್ಲಿ ಅಂಥವು ಹದಿನಾರಿದ್ದವು. ನಮ್ಮೂರ ಗದ್ದೆಯ ಕಾಲುವೆ, ಅವರ ಅಪ್ಪನ ಸೈಕಲ್ಲು, ದೆಲ್ಫೀನಾಳ ಮುರಿದುಬಿದ್ದ ನಿಶ್ಚಿತಾರ್ಥ. ಲೆಂಪಿಯವರು ಒಂದೊಂದನ್ನೂ ಓದಿಸಿ ಕೇಳಿದರು. ಕೊನೆಗೆ, ಇವು ತನ್ನವಲ್ಲ, ಆದ್ದರಿಂದ ಮುಂದಿನ ಮುದ್ರಣದಲ್ಲಿ ಇವಕ್ಕೆ ಎವಾಸಿಯೊನ ಹೆಸರು ಹಾಕಬೇಕು, ತನಗೇನೂ ಕೋಪವಿಲ್ಲ ಎಂದರು. ಅಂಥ ಮರ್ಯಾದೆ ಯಾವ ಕಳ್ಳನಿಗೂ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಎವಾಸಿಯೊ ದಿಗಿಲುಬಿದ್ದು ಎದ್ದು ನಿಂತ.

"ದಯವಿಟ್ಟು ಹಾಗೆ ಮಾಡ್ಬೇಡಿ ತಾಯಿ. ಮಿಲಾನಿನಲ್ಲಿ ನಾನು ತಲೆ ಎತ್ತೋಕಾಗಲ್ಲ. ಅಮ್ಮ ಬಂದಳು, ಅಮ್ಮ ನಕ್ಕಳು... ಇದನ್ನ ನಾನು ಬರ್ದೆ ಅಂದ್ರೆ ಅವರೇನಂದಾರು?"

ಮೋಸಗಾರ ಅನ್ನಿಸಿಕೊಂಡರೂ ಸರಿ, ಸರಳ ಕವಿ ಅನ್ನಿಸಿಕೊಳ್ಳಬಾರದು ಎಂಬ ಅವನ ನಿಲುವು ಲೆಂಪಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಕೆ ದೆಲ್ಫೀನಾಳ ಕಡೆ ತಿರುಗಿ, ಇವರು ಮನೆಯಲ್ಲೂ ಹೀಗೆಯೇ ಎಂದು ಕೇಳಿದರು. ಹೀಗೆಯೇ ಎಂದಳು ದೆಲ್ಫೀನಾ.

ಆಕೆ ಊರಿಗೆ ಮರಳಿ ಆ ಹದಿನಾರನ್ನೂ ಫಿನ್ನಿಶ್‌ಗೆ ತಂದರು, ಪ್ರಾಮಾಣಿಕವಾಗಿ, ನಿಘಂಟು ಇಟ್ಟುಕೊಂಡು, 'ಎವಾಸಿಯೊ ಬಲ್ಲಾರಿಯೊ ಬರೆದದ್ದು' ಎಂದು ಹೆಸರು ಹಾಕಿ. ಮಿಲಾನಿನಲ್ಲಿ ಫಿನ್ನಿಶ್ ಓದುವವರು ಯಾರೂ ಇರಲಿಲ್ಲ, ಗುಟ್ಟು ಉಳಿಯಿತು. ಅಲ್ಲಿ ಅವನು ಕೊನೆಯತನಕ ಕ್ರಿಯಾಪದದ ವೈರಿಯಾಗಿಯೇ ಬಾಳಿದ. ಇನ್ನೂ ಮೂರು ಪುಸ್ತಕ ತಂದ. ಕೊನೆಯದರಲ್ಲಿ ಬರೀ ಅಲ್ಪವಿರಾಮಗಳು. ನತಾಲಿನೊ ಒಂದೂ ಬೀಳಿಸದೆ ಜೋಡಿಸಿದ.

ಫಿನ್ಲೆಂಡಿನಲ್ಲಿ ಮಾತ್ರ ಶಾಲೆಯ ಮಕ್ಕಳು ಅವನ ಪದ್ಯ ಬಾಯಿಪಾಠ ಮಾಡಿದರು. ೧೯೭೮ರ ಬೇಸಿಗೆಯಲ್ಲಿ ಅಲ್ಲಿಯ ಟೀಚರುಗಳು ಒಂದು ಬಸ್ಸು ತುಂಬ ಬಂದರು. ಗದ್ದೆಗೆ ಔಷಧ ಹೊಡೆದು ಆ ಹೊತ್ತಿಗೆ ಕಪ್ಪೆಗಳೇ ಇರಲಿಲ್ಲ. ದೆಲ್ಫೀನಾ ಅವರನ್ನು ಕಾಲುವೆಯ ಬಳಿ ಕರೆದುಕೊಂಡು ಹೋಗಿ, ಅಮ್ಮ ಕಾಲು ತೊಳೆಯುತ್ತಿದ್ದ ಕಲ್ಲು ತೋರಿಸಿದಳು. ಎವಾಸಿಯೊ ಬೆಳಿಗ್ಗೆಯೇ ನನ್ನ ಅಚ್ಚುಕೂಟಕ್ಕೆ ಬಂದು ಕಾಗದದ ಕಟ್ಟುಗಳ ಹಿಂದೆ ಅಡಗಿ ಕೂತಿದ್ದ.

ಬಸ್ಸು ಹೋಯಿತೆಂದು ಹೇಳಲು ಹೋದೆ. ಅವನು ಬಟ್ಟೆಯ ಧೂಳು ಕೊಡವಿಕೊಂಡು, ಬಹಳ ಜನ ಬಂದಿದ್ದರೇ ಎಂದು ವಿಚಾರಿಸಿದ. ನಲವತ್ತು ಜನ ಎಂದೆ.

"ಯಾರಾದ್ರೂ ಅತ್ರಾ?"

ಇಬ್ಬರು ಅತ್ತರೆಂದೆ. ಅವನು ಟೋಪಿ ಹಾಕಿಕೊಂಡು, ಅದು ಅನುವಾದದ ದೋಷ ಎಂದು ಹೇಳಿ ಊಟಕ್ಕೆ ಹೊರಟ.