ನದಿ ಮೇಲಕ್ಕೆ ಹತ್ತಲ್ಲ, ಟೀಚರ್

ಗ್ಲೋಬ್ ಟೀಚರ್ ಎಂದರೆ ಶಾಲೆಯ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಬಣ್ಣ ಮಾಸಿದ ಗ್ಲೋಬೊಂದನ್ನು ಕಂಕುಳಲ್ಲಿ ಇರುಕಿಕೊಂಡೇ ಅವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಭೂಗೋಳ ಪಾಠ ಮಾಡಿದವರು. ಪಾಠದ ನಡುವೆ ಹತ್ತು ಸಲ "ಅರ್ಥ ಆಯ್ತಾ?" ಎಂದು ಕೇಳುವರು. ಇಡೀ ತರಗತಿ ರಾಗ ಎಳೆದು "ಆಯ್ತು ಟೀಚರ್" ಎನ್ನುವುದು. ಅರ್ಥವಾಗದವರ ಗಂಟಲೇ ಅದರಲ್ಲಿ ಹೆಚ್ಚು ಜೋರು ಎಂಬುದು ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ, ಟೀಚರುಗಳಿಗೆ ಮಾತ್ರ ಗೊತ್ತಿರುವುದಿಲ್ಲ.

ಹೀಗಿರುವಾಗ ಒಂದು ವರ್ಷ ಶಾಲೆಯವರು ಭೂಗೋಳವನ್ನು ಕತ್ತರಿಸಿ ಸಮಾಜ ವಿಜ್ಞಾನದೊಳಗೆ ತುರುಕಿಬಿಟ್ಟರು. ಪಾಠ ಇತಿಹಾಸದ ಮೇಷ್ಟರ ಪಾಲಾಯಿತು, ಟೀಚರಿಗೆ ಲೈಬ್ರರಿಯ ಮೇಜು ಸಿಕ್ಕಿತು. ಸಂಬಳಕ್ಕೇನೂ ಕುಂದಿಲ್ಲ, ಕೆಲಸವೂ ಹಗುರ. ಆದರೆ ಗೋಡೆಯಾಚೆಯಿಂದ ಬೇರೆ ಯಾರಿಗೋ ಮಕ್ಕಳು "ಆಯ್ತು ಟೀಚರ್" ಎನ್ನುವುದು ಕೇಳಿದಾಗೆಲ್ಲ ಅವರು ಒರೆಸುವ ಬಟ್ಟೆ ಕೈಗೆತ್ತಿಕೊಳ್ಳುವರು. ಕೈಗೆ ಕೆಲಸವಿಲ್ಲದೆ ಗ್ಲೋಬಿನ ಧೂಳು ಒರೆಸಿ ಒರೆಸಿ ಅರ್ಧ ಸಮುದ್ರವೇ ಬೆಳ್ಳಗಾಗಿತ್ತು.

"ಕಂಪ್ಯೂಟರ್ ಪಾಠಕ್ಕೆ ಜನ ಸಿಗ್ತಿಲ್ಲ ನೋಡಿ. ನಿಮ್ಮ ಹತ್ರ ಅದರ ಡಿಗ್ರಿ ಇದ್ದಿದ್ರೆ ನಾಳೆನೇ ಕ್ಲಾಸ್ ಕೊಡ್ತಿದ್ದೆ" ಎಂದು ಹೆಡ್‌ಮಿಸ್ ಒಂದು ದಿನ ಬಾಯಿಮಾತಿಗೆ ಅಂದರು. ಟೀಚರ್ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಹೋದರು. ಸಂಜೆ ಕಾಲೇಜಿನಲ್ಲಿ ಬೇರೆ ವಿಷಯ ಓದಿದ ಪದವೀಧರರಿಗೆಂದೇ ಮಾಹಿತಿ ತಂತ್ರಜ್ಞಾನದ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ಇತ್ತು. ಅದಕ್ಕೆ ಸೇರುತ್ತೇನೆಂದು ಯಜಮಾನರ ಮುಂದೆ ಹೇಳಿದರು.

ಯಜಮಾನರು ಹಲ್ಲಿನ ಸೆಟ್ ಮಾಡುವವರು. ದಂತವೈದ್ಯರು ಅಳತೆ ತೆಗೆದು ಕಳಿಸಿದರೆ, ಮನೆಯ ಮುಂದಿನ ಕೋಣೆಯಲ್ಲಿ ಕೂತು ಪ್ಲಾಸ್ಟರಿನ ಅಚ್ಚು ಎರೆದು, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವುದು ಅವರ ಕಸುಬು. ಕೈಯಲ್ಲಿದ್ದ ಮೇಲಿನ ದವಡೆಯನ್ನು ಬೆಳಕಿಗೆ ಹಿಡಿದು ಅವರು ಅಂದರು, "ಐವತ್ತಕ್ಕೆ ಬಂದ್ಮೇಲೆ ಜನ ನನ್ನ ಹತ್ರ ಹೊಸ ಹಲ್ಲು ಕೇಳ್ತಾರೆ. ನೀನು ಹೊಸ ತಲೆ ಕೇಳ್ತಿದ್ದೀಯ. ಹೋಗು ಹೋಗು, ಸೇರ್ಕೋ."

ಮೊದಲ ದಿನ ಟೀಚರ್ ಲ್ಯಾಬಿನ ಹೊಸಿಲು ದಾಟಿದ್ದೇ ತಡ, ಪಾಠ ಮಾಡಬೇಕಾದ ಲೆಕ್ಚರರ್ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ದಡಬಡ ಎದ್ದು ನಿಂತ. ಟೀಚರ್ ಕಣ್ಣು ಕಿರಿದು ಮಾಡಿ ನೋಡಿದರು. ಅಯ್ಯೋ, ನಿದ್ದೆಬುರುಕ! ತಮ್ಮ ಭೂಗೋಳದ ಕೊನೆಯ ಪಿರಿಯಡ್ಡಿನಲ್ಲಿ ಅಟ್ಲಾಸ್ ಅಡ್ಡ ಹಿಡಿದು ಗೊರಕೆ ಹೊಡೆಯುತ್ತಿದ್ದವನು, ಈಗ ಕನ್ನಡಕ, ಅರ್ಧ ಬಕ್ಕತಲೆ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ.

"ಕೂತ್ಕೊಳ್ಳಿ ಸರ್" ಎಂದರು ಟೀಚರ್. ಅವನು ಕೂರಲಿಲ್ಲ. ಆ ದಿನ ಮಾತ್ರವಲ್ಲ, ಅವರಿದ್ದ ಯಾವ ತರಗತಿಯಲ್ಲೂ ಅವನು ಕೂರಲಿಲ್ಲ.

ಓದುವವರೆಲ್ಲ ಎಲ್ಲೆಲ್ಲಿಂದಲೋ ಬಂದವರು. ಬ್ಯಾಂಕಿನಲ್ಲಿದ್ದವನು, ಚಿತ್ರಕಲೆ ಓದಿದವನು, ಮಣ್ಣು ಪರೀಕ್ಷೆ ಮಾಡುತ್ತಿದ್ದವಳು. ಟೀಚರ ಪಕ್ಕದ ಕಂಪ್ಯೂಟರಿನಲ್ಲಿ ಕೂರುತ್ತಿದ್ದವಳು ಫಿಸಿಯೋಥೆರಪಿ ಮಾಡುವ ಹುಡುಗಿ. ಜನರ ಮೊಣಕಾಲು ಮಡಿಸಿ ಬಿಡಿಸಿ ಅಭ್ಯಾಸವಾದ್ದರಿಂದ ಅವಳ ಮಾತೂ ಅಷ್ಟೇ ನೇರ, ನೋಯುತ್ತದೆಂದು ನಿಲ್ಲಿಸುವವಳಲ್ಲ.

ಲ್ಯಾಬಿನಲ್ಲಿ ನಡೆಯುತ್ತಿದ್ದುದು ಹೀಗೆ. ಟೀಚರ್ ಪ್ರೋಗ್ರಾಮ್ ಬರೆಯುವರು, ಓಡಿಸುವರು, ಪರದೆಯ ತುಂಬ ಕೆಂಪು ಅಕ್ಷರ. ಲೆಕ್ಚರರ್ ಹಿಂದಿನಿಂದ ಬಗ್ಗಿ ನೋಡಿ "ಸ್ವಲ್ಪ... ನೋಡೋಣ ಟೀಚರ್" ಎಂದು ಕೀಲಿಮಣೆಯ ಮೇಲೆ ಕೈ ಇಟ್ಟು ಪಟಪಟ ನಾಲ್ಕು ಕಡೆ ಒತ್ತುವನು. ಪ್ರೋಗ್ರಾಮ್ ಲಕ್ಷಣವಾಗಿ ಓಡುವುದು. "ಅರ್ಥ ಆಯ್ತಾ ಟೀಚರ್?" ಎಂದು ಮೆಲ್ಲಗೆ ಕೇಳುವನು. "ಆಯ್ತು ಸರ್" ಎನ್ನುವರು ಟೀಚರ್. ಆಗಿರುತ್ತಿತ್ತೋ? ಆದ ಹಾಗೆ ಇರುತ್ತಿತ್ತು. ಪಾಪ, ಇಷ್ಟು ಮರ್ಯಾದೆಯಿಂದ ಹೇಳಿಕೊಟ್ಟವನ ಮುಂದೆ ಆಗಲಿಲ್ಲ ಅನ್ನಲು ಬಾಯಾದರೂ ಹೇಗೆ ಬಂದೀತು? ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೆಂಟು ಬಂತು. ಟೀಚರ್ ಆ ಹಾಳೆಯನ್ನು ಯಜಮಾನರ ಪ್ಲಾಸ್ಟರ್ ದವಡೆಗಳ ಸಾಲಿನಲ್ಲಿ ಒರಗಿಸಿಟ್ಟರು.

ಅದೇ ಎಡವಟ್ಟಿಗೆ ಮೂಲವಾಯಿತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಯಜಮಾನರು ಅಂದರು, "ಹದಿನೆಂಟು ತಗೊಂಡವಳಲ್ವಾ, ನನಗೊಂದು ಉಪಕಾರ ಮಾಡು. ಯಾವ ಡಾಕ್ಟರ ಸೆಟ್ ಯಾವಾಗ ಕೊಡಬೇಕು ಅನ್ನೋದೇ ಗೊಂದಲ. ಮೊನ್ನೆ ಒಬ್ಬರ ಮದುವೆ ಫೋಟೋಗೆ ಹಲ್ಲಿಲ್ಲ, ಅವಸರವೇ ಇಲ್ಲದವರಿಗೆ ವಾರ ಮುಂಚೆನೇ ರೆಡಿ. ಯಾರದ್ದು ಮೊದಲು ಅಂತ ಹೇಳೋ ಒಂದು ಪ್ರೋಗ್ರಾಮ್ ಮಾಡಿಕೊಡು."

"ಅಷ್ಟೇನಾ?" ಎಂದು ಟೀಚರ್ ಜಂಬದಿಂದ ಕೂತರು. ಅರ್ಧ ಗಂಟೆ ಕಳೆಯಿತು. ಯಜಮಾನರು ಚಹಾ ತಂದಿಟ್ಟರು, ಅದು ಆರಿತು. ಕಂಡಿದ್ದು ಕೇಳಿದ್ದು ಎಲ್ಲ ಬರೆದು ನೋಡಿದರು, ಕೆಂಪು ಅಕ್ಷರ ಬಿಟ್ಟು ಬೇರೇನೂ ಬರಲಿಲ್ಲ. ಪಟಪಟ ಒತ್ತುವ ಆ ಕೈ ಪಕ್ಕದಲ್ಲಿ ಇರಲಿಲ್ಲ. ತನಗೆ ಏನೂ ಬರುವುದಿಲ್ಲ ಎಂದು ಟೀಚರಿಗೆ ಆಗ ತಿಳಿಯಿತು. ಇದೇ ಅಂಕ ಹಿಡಿದು ನಾಳೆ ಮಕ್ಕಳ ಮುಂದೆ ನಿಂತರೆ? ಮಗುವೊಂದು ಎದ್ದು "ಯಾಕೆ ಹೀಗೆ ಟೀಚರ್?" ಎಂದು ಕೇಳಿದರೆ? ಯಜಮಾನರು ಅವರ ಮುಖ ನೋಡಿದರು, ತಮಾಷೆಗೆ ತೆರೆದ ಬಾಯಿ ಮುಚ್ಚಿಕೊಂಡು ಹೊಸ ಚಹಾ ಮಾಡಲು ಎದ್ದರು.

ಮರುದಿನ ತಮ್ಮ ಹಾಳೆಯನ್ನು ಕಾಲೇಜಿಗೆ ಒಯ್ದು, ಫಿಸಿಯೋ ಹುಡುಗಿಯ ಹಾಳೆಯನ್ನೂ ಕೇಳಿ ಪಡೆದು ಪಕ್ಕಪಕ್ಕ ಇಟ್ಟು ನೋಡಿದರು. ಅವಳದರಲ್ಲಿ ಮೇಲಿಂದ ಕೆಳತನಕ ತಪ್ಪಿನ ಗುರುತು, ಪಕ್ಕದಲ್ಲಿ ಒತ್ತೊತ್ತಾಗಿ ಬರೆದ ಟಿಪ್ಪಣಿ, ಕೆಳಗೆ ಒಂಬತ್ತು.

"ನಿನ್ನದೂ ನನ್ನದೂ ಒಂದೇ ತಪ್ಪಲ್ವೇನಮ್ಮ ಇದು?" ಎಂದರು ಟೀಚರ್.

"ಹೌದು ಟೀಚರ್, ಒಂದೇ. ಸರ್ ನಿಮಗೆ ತುತ್ತು ಕಲಸಿ ಬಾಯಿಗೆ ಇಡ್ತಾರೆ. ನಮಗೆ ಒಲೆ ತೋರಿಸಿ ಹೋಗ್ತಾರೆ. ಹೇಳೋಣ ಅಂತಿದ್ದೆ, ನೀವು ಅಷ್ಟು ಖುಷಿಯಾಗಿದ್ರಿ."

ಟೀಚರಿಗೆ ಮೈ ಉರಿದುಹೋಯಿತು. ತಮ್ಮ ಹಾಳೆ ಹಿಡಿದು ನೇರ ಲೆಕ್ಚರರುಗಳ ಕೋಣೆಗೆ ನಡೆದರು. ಅವನು ಒಬ್ಬನೇ ಇದ್ದ, ಬಿಸ್ಕತ್ತು ಚಹಾದಲ್ಲಿ ಅದ್ದುತ್ತಿದ್ದ. ಅವರನ್ನು ಕಂಡು ಎದ್ದ ಭರಕ್ಕೆ ಅರ್ಧ ಬಿಸ್ಕತ್ತು ಲೋಟದೊಳಗೆ ಬಿತ್ತು. ಲ್ಯಾಬಿನಲ್ಲಿ 'ಸರ್' ಎನ್ನುತ್ತಿದ್ದ ಟೀಚರ್ ಇಲ್ಲಿ ಅದನ್ನೆಲ್ಲ ಬಾಗಿಲಾಚೆ ಬಿಟ್ಟು ಬಂದಿದ್ದರು.

"ಕೂತ್ಕೋ. ಇದಕ್ಕೆ ಹದಿನೆಂಟು ಹಾಕಿದ್ದೀಯಲ್ಲ, ನಿಜ ಹೇಳು, ಎಷ್ಟು ಬರತ್ತೆ?"

ಅವನು ನೆಲ ನೋಡಿದ. "ಏಳು ಬರಬಹುದು, ಟೀಚರ್."

"ಮತ್ತೆ?"

"ನಿಮ್ಮ ಮುಂದೆ ಕೂತ್ಕೊಳ್ಳೋಕೇ ಆಗಲ್ಲ ನನಗೆ. ತಪ್ಪು ಅಂತ ಹೇಗೆ ಬರೀಲಿ? ಪೆನ್ ಎತ್ತಿದ್ರೆ ಕೈ ಬರಲ್ಲ."

ಕೋಪದಿಂದ ಬಂದಿದ್ದ ಟೀಚರಿಗೆ ಒಂದು ಕ್ಷಣ ಕಣ್ಣು ಒದ್ದೆಯಾಯಿತು. ಆದರೂ ಬಿಡಲಿಲ್ಲ. "ಆರನೇ ಕ್ಲಾಸಲ್ಲಿ ಒಂದು ಭೂಪಟ ಬರೆದಿದ್ದೆ, ನೆನಪಿದೆಯಾ? ನದೀನ ಸಮುದ್ರದಿಂದ ಶುರು ಮಾಡಿ ಬೆಟ್ಟದ ತುದಿಗೆ ಹತ್ತಿಸಿದ್ದೆ."

"ನೆನಪಿದೆ. ಉದ್ದಕ್ಕೂ ಕೆಂಪು ಗೆರೆ ಎಳೆದ್ರಿ. ನದಿ ಮೇಲಕ್ಕೆ ಹತ್ತಲ್ಲ ಕಣೋ ಅಂತ ಮೂರು ಸಲ ಬರೆಸಿದ್ರಿ."

"ಪಾಪ, ಪುಟ್ಟ ಹುಡುಗ, ಚೆನ್ನಾಗಿ ಬಣ್ಣ ಹಚ್ಚಿದ್ದಾನೆ ಅಂತ ನಾನು ಸುಮ್ಮನೆ ಬಿಟ್ಟಿದ್ರೆ?"

ಟೀಚರ ದನಿ ತಗ್ಗಿತು. "ನಂದೂ ತಪ್ಪಿದೆ. ಅರ್ಥ ಆಗದೆ ಆಯ್ತು ಆಯ್ತು ಅಂದೆ. ಮಕ್ಕಳು ಇಷ್ಟು ವರ್ಷ ನನಗೆ ಹೇಳ್ತಿದ್ದುದೂ ಅದೇನೋ ಏನೋ. ನಾನು ಮತ್ತೆ ಕ್ಲಾಸಲ್ಲಿ ನಿಲ್ಲಬೇಕು ಕಣೋ. ಬಾರದೆ ಹೋಗಿ ನಿಂತ್ಕೊಳ್ಳೋಕೆ ನನ್ನಿಂದಾಗಲ್ಲ. ನನ್ನ ಮೇಲೆ ನಿನಗೆ ನಿಜವಾಗಿ ಗೌರವ ಇದ್ರೆ ಇದಕ್ಕೆ ಏಳು ಹಾಕು. ಇನ್ಮೇಲೆ ನನ್ನ ಹತ್ರ ಬಂದಾಗ ಕೈ ಕಟ್ಟು."

"ಬಾಯಿ?" ಎಂದ ಅವನು, ಹಳೆಯ ಅಭ್ಯಾಸ ಬಲದಿಂದ.

"ಬಾಯಿ ತೆಗಿ. ತಪ್ಪು ಅನ್ನೋದಕ್ಕೆ."

ಅವನು ಹದಿನೆಂಟನ್ನು ಹೊಡೆದುಹಾಕಿ ಏಳು ಬರೆದ. ಬರೆಯುವಾಗ ಅವನ ಹಣೆ ಬೆವರಿತ್ತು. ಮನೆಯಲ್ಲಿ ದವಡೆಗಳ ಸಾಲಿನಲ್ಲಿ ಅದೇ ಹಾಳೆ ಮತ್ತೆ ಕೂತಿತು. "ಏಳಕ್ಕೆ ಇಷ್ಟು ಮೆರೆಯೋವ್ರನ್ನ ನಾನು ನೋಡಿಲ್ಲ" ಎಂದರು ಯಜಮಾನರು.

ಅಂದಿನಿಂದ ಲ್ಯಾಬಿಗೊಂದು ಹೊಸ ಮೋಜು. ಉಳಿದವರ ಬಳಿ ಸಲೀಸಾಗಿ ಓಡಾಡುವ ಲೆಕ್ಚರರ್, ಟೀಚರ ಹತ್ತಿರ ಬಂದ ಕೂಡಲೇ ಎದೆಯ ಮೇಲೆ ಕೈ ಕಟ್ಟಿ ನಿಲ್ಲುವನು. ಬೆರಳು ಕಂಕುಳೊಳಗೇ ಚಡಪಡಿಸುವುದು. ಫಿಸಿಯೋ ಹುಡುಗಿಗೆ ನಗು ತಡೆಯಲಾಗದೆ ಮೇಜಿನ ಕೆಳಗೆ ಪೆನ್ ಹುಡುಕುವಳು. ಮೊದಲ ವಾರ ಅವನಿಗೆ ಮಾತು ಹೊರಡಲೇ ಇಲ್ಲ. ಒಂದು ಸಂಜೆ ಟೀಚರ್ ಯಜಮಾನರ ಪ್ರೋಗ್ರಾಮನ್ನೇ ಬರೆಯುತ್ತಿದ್ದರು. ಡಾಕ್ಟರ ಹೆಸರನ್ನು ಕೇಳಿ ಪಡೆಯುವ ಸಾಲು ಕೆಳಗೆ ಎಲ್ಲೋ ಇತ್ತು, ಆ ಹೆಸರನ್ನು ಮುದ್ರಿಸುವ ಸಾಲು ಮೇಲೆ ಇತ್ತು. ಕೆಂಪು ಅಕ್ಷರ ಬಂತು. ಅವನು ಗಂಟಲು ಸರಿಮಾಡಿಕೊಂಡ, ಕಿವಿ ಕೆಂಪಾಯಿತು.

"ನದಿ ಮೇಲಕ್ಕೆ ಹತ್ತಿದೆ, ಟೀಚರ್."

ಟೀಚರ್ ಪರದೆ ನೋಡಿದರು. ಮೇಲಿನಿಂದ ಇಳಿದು ಬಾರದ್ದು ಕೆಳಗೆ ಸಿಗುವುದಾದರೂ ಹೇಗೆ! ಸಾಲು ಎತ್ತಿ ಮೇಲೆ ಹಾಕಿದರು, ಓಡಿಸಿದರು, ಹೆಸರು ಬಂತು. ಅವರ ಜನ್ಮದಲ್ಲಿ ಯಾವ ಹೊಗಳಿಕೆಯೂ ಆ ತಪ್ಪಿನಷ್ಟು ಸಂತೋಷ ಕೊಟ್ಟಿರಲಿಲ್ಲ. ಅದರ ನಂತರ ಎಲ್ಲವೂ ಸಲೀಸಾಯಿತೆಂದಲ್ಲ. ಒಂದು ವಿಷಯ ಬಿದ್ದುಹೋಗಿ ಮತ್ತೆ ಕಟ್ಟಿದರು, ಎರಡು ಸಲ ಬಿಟ್ಟುಬಿಡುತ್ತೇನೆಂದು ಅತ್ತರು. ಆದರೆ ಅರ್ಥವಾಗದ್ದಕ್ಕೆ "ಇಲ್ಲ ಸರ್, ಆಗಲಿಲ್ಲ" ಎನ್ನುವುದನ್ನು ಕಲಿತರು, ಎಷ್ಟರಮಟ್ಟಿಗೆಂದರೆ ಲೆಕ್ಚರರಿಗೇ ಬೇಡವಾಗುವಷ್ಟು.

ಕೊನೆಯ ಪ್ರಾಯೋಗಿಕ ಪರೀಕ್ಷೆ ಬಂತು. ಇದರಲ್ಲಿ ಗೆದ್ದರೆ ಬರುವ ವರ್ಷ ಶಾಲೆಯ ಎಂಟನೇ ತರಗತಿಯ ಕಂಪ್ಯೂಟರ್ ಪಾಠ ಅವರದು. ಇಲ್ಲವಾದರೆ ಲೈಬ್ರರಿ, ಒರೆಸಲು ಗ್ಲೋಬು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಹಸಿಮೆಣಸು ಕಚ್ಚಿದವರ ಹಾಗೆ ಮುಖ ಮಾಡಿಕೊಂಡಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ನಿದ್ದೆಬುರುಕ, ಅವನೂ ಪರೀಕ್ಷಕ. ಹೇಗೋ ಕೂತಿದ್ದ, ಎದೆಗೆ ಕೈ ಬಿಗಿದು ಕಟ್ಟಿದ್ದ. ಟೀಚರ ಪ್ರೋಗ್ರಾಮ್ ಮೊದಲ ಸಲ ಓಡಲಿಲ್ಲ. ಅವನ ತುಟಿ ಬಿಳಿಚಿತು. ಟೀಚರ್ ಅವನತ್ತ ನೋಡದೆ ಮೇಲಿನ ಸಾಲಿನಿಂದ ಬೆರಳಿಟ್ಟು ಇಳಿಯುತ್ತ ಬಂದರು, ಒಂದು ಕಡೆ ನಿಂತರು, ತಿದ್ದಿದರು. ಡಾಕ್ಟರುಗಳ ಹೆಸರುಗಳು ಅವಸರದ ಪ್ರಕಾರ ಒಂದರ ಕೆಳಗೊಂದು ಸಾಲಾಗಿ ನಿಂತವು.

"ಓಡಿದ್ದು ಸರಿ. ಹೇಗೆ ಓಡ್ತು ಅಂತ ಹೇಳಿ" ಎಂದರು ಹೊರಗಿನವರು.

ಟೀಚರ್ ಗೋಡೆಯ ಬಿಳಿ ಹಲಗೆಯ ಬಳಿ ಹೋಗಿ ಪೆನ್ನು ಕೈಗೆತ್ತಿಕೊಂಡರು. ಎಷ್ಟು ವರ್ಷವಾಗಿತ್ತು ಹಲಗೆಯ ಮುಂದೆ ನಿಂತು! ಮೇಲೊಂದು ಬೆಟ್ಟ ಬರೆದರು. ಒಬ್ಬೊಬ್ಬ ಡಾಕ್ಟರ ಆರ್ಡರೂ ಒಂದೊಂದು ತೊರೆಯಾಗಿ ಇಳಿದು ಬಂತು, ಒಂದೇ ನದಿಗೆ ಸೇರಿತು. ತಿರುವಿನಲ್ಲಿ ಯಾರದ್ದು ಮೊದಲು ಯಾರದ್ದು ಆಮೇಲೆ ಎಂದು ಬೇರ್ಪಟ್ಟಿತು. ಇದು ಪರೀಕ್ಷೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಕೊನೆಯ ಗೆರೆ ಎಳೆದು, ತಿರುಗಿ, ಎದುರಿಗಿದ್ದ ಇಬ್ಬರನ್ನೂ ನೋಡಿ ಕೇಳಿದರು.

"ಅರ್ಥ ಆಯ್ತಾ?"

"ಆಯ್ತು ಟೀಚರ್!" ನಿದ್ದೆಬುರುಕ ಎದ್ದು ನಿಂತುಬಿಟ್ಟಿದ್ದ, ಅದೇ ಹಳೆಯ ರಾಗದಲ್ಲಿ, ಲ್ಯಾಬೆಲ್ಲ ಕೇಳುವಷ್ಟು ಜೋರಾಗಿ.

ಟೀಚರ್ ಪೆನ್ನನ್ನು ಅವನತ್ತ ತೋರಿಸಿದರು. "ಸುಳ್ಳು ಹೇಳ್ಬೇಡ. ನಿಜವಾಗ್ಲೂ ಆಯ್ತಾ?"

"ನಿಜವಾಗ್ಲೂ ಆಯ್ತು, ಟೀಚರ್" ಎಂದ ಅವನು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳತೊಡಗಿದ. ಹೊರಗಿನ ಪರೀಕ್ಷಕರು ಒಮ್ಮೆ ಇವರನ್ನು, ಒಮ್ಮೆ ಅವನನ್ನು ನೋಡಿ, ಅಂಕದ ಹಾಳೆಯನ್ನು ತಮ್ಮತ್ತ ಎಳೆದುಕೊಂಡು, "ಆಯ್ತು, ಈಗ ಇಬ್ಬರೂ ಕೂತ್ಕೊಳ್ಳಿ" ಎಂದರು.