ರಘು ಕೇಳದ ಚಟ್ನಿಪುಡಿ

ಒಣಮೆಣಸಿನಕಾಯಿ ಹುರಿಯುವ ಘಾಟಿಗೆ ಪರದೇಶದ ಈ ಸೆಂಗ್‌ಕಾಂಗಿನಲ್ಲಿ, ಮಗಳ ಮನೆಯ ಒಂಬತ್ತನೇ ಮಹಡಿಯ ಅಡುಗೆಮನೆಯಲ್ಲಿ ಕೆಮ್ಮುತ್ತಾ ನಿಂತಿದ್ದೆ. ಆಗಲೇ ಯುದ್ಧವಿಮಾನವೊಂದು ನಮ್ಮ ಬ್ಲಾಕಿನ ಮೇಲೆ ಹಾದುಹೋಯಿತು. ಇಲ್ಲಿ ಅದು ಇದ್ದದ್ದೇ. ಮೊಮ್ಮಗಳು ಪುಟ್ಟಿ ಕಿವಿ ಮುಚ್ಚಿಕೊಂಡು, "ಸೋ ನಾಯ್ಸಿ ಲಾ, ಅಜ್ಜಿ" ಅಂದಳು, ಇಲ್ಲಿಯವರ ಧಾಟಿಯಲ್ಲಿ. ಆ ಘಾಟೂ ಆ ಸದ್ದೂ ಸೇರಿದರೆ ನನಗೆ ಮೈಸೂರಿನ ನಮ್ಮ ವಠಾರ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಿಮಗೂ ಅಂಥದ್ದೊಂದು ಮನೆ ಇದ್ದೀತು.

ಎಂಟು ಮನೆ, ಒಂದೇ ನಲ್ಲಿ, ಓನರ್ ಮನೆಯಲ್ಲೊಂದು ಫೋನು. ಈಗ ಅಲ್ಲಿ ಬಟ್ಟೆ ಅಂಗಡಿ ಎದ್ದಿದೆಯಂತೆ. ನನ್ನ ತಮ್ಮ ರಘು ಬಾಯಿಬಿಟ್ಟು ಏನನ್ನೂ ಕೇಳದ ಹುಡುಗ. ಅವನ ಪರವಾಗಿ ಮಾತಾಡುವವಳು ನಾನೇ. "ಅಮ್ಮಾ, ರಘುಗೆ ಇನ್ನೊಂದು ಚಕ್ಲಿ ಬೇಕಂತೆ" ಅಂತ ಇಸಕೊಂಡು ಮೆಟ್ಟಿಲ ಕೆಳಗೆ ಕೂತು ನಾನೇ ತಿನ್ನುತ್ತಿದ್ದೆ. ಅವನು ಪಕ್ಕದಲ್ಲಿ ನಗುತ್ತಾ ಕೂತಿರುತ್ತಿದ್ದ, ಒಂದು ದಿನವೂ ನನ್ನನ್ನು ಹಿಡಿದುಕೊಡಲಿಲ್ಲ. "ಅವನ ಬಾಯೂ ನಿನಗೇ ಬಂದಿದೆಯೇನೇ?" ಅಂತ ಅಮ್ಮ ಛೇಡಿಸುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಅವನು ಓದಿ, ವಾಯುಪಡೆ ಸೇರಿ, ವಿಮಾನ ಹಾರಿಸುವವನಾದ.

ನನ್ನ ಮಗಳಿಗೆ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕಿತ್ತು. ರಘುಗೆ ರಜ ಸಿಗಲಿಲ್ಲ. ಪಕ್ಕದ ಮನೆಯವರ ತೊಡೆಯ ಮೇಲೆ ಕೂರಿಸಿ ಶಾಸ್ತ್ರ ಮುಗಿಸಿದೆವು, ನಾನು ಮುನಿಸಿಕೊಂಡೆ. ವಾರದ ಮೇಲೆ, ನಾನಿನ್ನೂ ತವರಲ್ಲೇ ಇದ್ದಾಗ, ಓನರ್ ಮಗಳು ಓಡಿಬಂದು, "ಅಕ್ಕಾ, ರಘು ಅಣ್ಣ ಲೈನಲ್ಲಿದ್ದಾರೆ, ಬೇಗ ಬನ್ನಿ!" ಅಂದಳು. ಅಮ್ಮ ರೇಷನ್ ಅಂಗಡಿಗೆ ಹೋಗಿದ್ದಳು.

"ಮನೇಲಿ ಯಾರೂ ಇಲ್ಲ ಅಂತ ಹೇಳು" ಅಂದೆ. ಅವನಿಗೂ ಸ್ವಲ್ಪ ತಾಗಲಿ ಅಂತ.

ಫೋನ್ ಬಂದ ಸುದ್ದಿ ನಲ್ಲಿಯ ಹತ್ತಿರವೇ ಅಮ್ಮನಿಗೆ ಸಿಕ್ಕಿತ್ತು. ಚೀಲ ಇಳಿಸುವ ಮೊದಲೇ, "ಏನಂದ್ನೇ?" ಅಂದಳು. ನನ್ನ ಬಾಯಿಗೆ ಹಳೇ ಅಭ್ಯಾಸ. "ನಿನ್ನ ಕೈಯ ಚಟ್ನಿಪುಡಿ ಬೇಕಂತೆ" ಅಂದುಬಿಟ್ಟೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಆಗಲೇ ಬಾಣಲೆ ಇಟ್ಟಳು. ಪುಡಿಯ ಡಬ್ಬಿಗೆ ಬಟ್ಟೆ ಹೊಲಿದು, ಇನ್ನೂ ವಿಳಾಸ ಬರೆಸಿರಲಿಲ್ಲ, ಸುದ್ದಿ ಬಂತು. ಎರಡು ದೇಶವೂ ನಮ್ಮದು ಅನ್ನುವ ಯಾವುದೋ ಬೆಟ್ಟದ ಮೇಲೆ ಅವನ ವಿಮಾನವನ್ನು ಹೊಡೆದು ಕೆಡವಿದ್ದರು.

ಅಮ್ಮ ಆ ಹೊಲಿಗೆ ಬಿಚ್ಚಲೇ ಇಲ್ಲ. ಬಂದವರಿಗೆಲ್ಲ, "ಯಾವತ್ತೂ ಕೇಳದವನು, ಕೊನೆಗೆ ಬಾಯಿಬಿಟ್ಟು ಕೇಳಿದ ನೋಡಿ" ಅನ್ನುತ್ತಿದ್ದಳು. ಎಷ್ಟೋ ವರ್ಷದ ಮೇಲೆ, ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು, "ಅವತ್ತು ಇನ್ನೇನಂದ?" ಅಂತ ಕೇಳಿದಳು. "ನಿಂದು ಊಟ ಆಯ್ತಾ ಅಂದ" ಅಂದೆ. ಅಮ್ಮ ಕಣ್ಣು ಮುಚ್ಚಿಕೊಂಡು, ಅವನಿಗೇ ಹೇಳುವಂತೆ, "ಆಯ್ತಪ್ಪ" ಅಂದಳು.

ಪ್ರತಿ ವರ್ಷ ಅವನು ಹೋದ ದಿನ ನನ್ನ ಮಗಳು ಚಟ್ನಿಪುಡಿ ಮಾಡಿಸುತ್ತಾಳೆ, ಪುಟ್ಟಿಗೆ ಆ ಫೋನಿನ ಕತೆ ಹೇಳುತ್ತಾಳೆ. ಇವತ್ತು ವಿಮಾನದ ಸದ್ದು ಅಡಗಿದ ಮೇಲೆ ಪುಟ್ಟಿ ಕೇಳಿದಳು, "ಅಜ್ಜಿ, ರಘು ತಾತ ಫೋನಲ್ಲಿ ಹೇಗೆ ಕೇಳಿದ್ರು? ಅವರ ವಾಯ್ಸಲ್ಲೇ ಹೇಳಿ."

ಒಲೆ ಆರಿಸಿದೆ. "ನಾನು ಫೋನಿಗೆ ಹೋಗಲೇ ಇಲ್ಲ, ಪುಟ್ಟಿ."

ಅವಳು ನನ್ನ ಸೆರಗು ಎಳೆದಳು. "ಹಾಗಾದ್ರೆ ತಾತ ಏನು ಹೇಳ್ಬೇಕು ಅಂತಿದ್ರು?"

"ಗೊತ್ತಿಲ್ಲಮ್ಮ" ಅಂದೆ. ಅವನ ಪರವಾಗಿ ಮಾತು ಕಟ್ಟದೆ ನಾನು ಸುಮ್ಮನಾದದ್ದು ಅದೇ ಮೊದಲು.